ಹುಳದ ಮನೆಗೆ ಹೋಗದ ದಿನ ಯಾವುದು?

ಶಿಡ್ಲಘಟ್ಟದ ಕಡೆ ಹಳ್ಳಿಗಳಲ್ಲಿ ಗರ್ಭಿಣಿಯರ ಮೇಲಿನ ಒಂದು ಅಧ್ಯಯನಕ್ಕೆ ಎರಡು ವರ್ಷ ಕೆಲಸ ಮಾಡಿದ್ದೇನೆ. ಎಷ್ಟು ಮಕ್ಕಳು ದಿನ ತುಂಬುವ ಮುಂಚೆ ಹುಟ್ಟುತ್ತವೆ, ಎಷ್ಟು ಮಕ್ಕಳ ತೂಕ ಎರಡೂವರೆ ಕೆಜಿಗಿಂತ ಕಡಿಮೆ ಇರುತ್ತದೆ ಅನ್ನೋದು ವಿಷಯ. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ನನ್ನ ಪಾಲಿನ ಕೆಲಸ. ಈಗ ಇದೇ ಕೆಲಸಕ್ಕೆ ಸೇರಿದ ಹುಡುಗಿಯರು ಫೋನ್ ಮಾಡುತ್ತಾರೆ, "ಅಕ್ಕಾ, ಮುಟ್ಟಿನ ತಾರೀಖು ಯಾರೂ ಸರಿಯಾಗಿ ಹೇಳಲ್ಲ" ಅಂತ. ಹೇಳುತ್ತಾರೆ. ನಾವು ಕೇಳುವ ರೀತಿ ಸರಿಯಿಲ್ಲ, ಅಷ್ಟೆ.

ನನ್ನ ಕೈಗೆ ಕೊಟ್ಟ ಫಾರಂನಲ್ಲಿ ಪ್ರಶ್ನೆ ಹೀಗಿತ್ತು: "ನಿಮ್ಮ ಕೊನೆಯ ಋತುಸ್ರಾವದ ಪ್ರಥಮ ದಿನಾಂಕವನ್ನು ತಿಳಿಸಿ." ಇದನ್ನು ಯಾರು ಬರೆದರೋ ಗೊತ್ತಿಲ್ಲ, ಹಳ್ಳಿಯಲ್ಲಿ ಓದಿ ನೋಡಿದವರಂತೂ ಅಲ್ಲ. ಮೊದಲ ವಾರ ನಾನು ಹಾಗೇ ಓದಿದೆ. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇನ್ನೊಬ್ಬರು, "ಕಾರ್ಡಲ್ಲಿ ಏನಿದೆಯೋ ಅದೇ ಹಾಕ್ಕೊಳಮ್ಮಾ" ಅಂದರು. ತಾಯಿ ಕಾರ್ಡ್ ನೋಡಿದರೆ 15, ಇನ್ನೊಂದರಲ್ಲೂ 15, ಮತ್ತೊಂದರಲ್ಲಿ 1. ತಿಂಗಳು ಗೊತ್ತಿದ್ದು ದಿನ ಗೊತ್ತಿಲ್ಲದಾಗ ಎಲ್ಲರೂ ಹಾಕುವುದು ಅದನ್ನೇ.

ಒಂದು ತಾರೀಖಿಗೆ ಯಾಕಿಷ್ಟು ಒದ್ದಾಟ ಅನ್ನಿಸಬಹುದು. ಹೆರಿಗೆಯ ದಿನದ ಲೆಕ್ಕ ಅಲ್ಲಿಂದಲೇ ಶುರುವಾಗೋದು, 280 ದಿನ. 37 ವಾರಕ್ಕೆ ಮುಂಚೆ ಹುಟ್ಟಿದರೆ ಅವಧಿಗೆ ಮುಂಚೆ ಅಂತ ಲೆಕ್ಕ. ಮೂರು ವಾರ ಆಚೀಚೆಯಾದರೆ ದಿನ ತುಂಬಿದ ಮಗು ತುಂಬದ ಮಗುವಾಗಿಬಿಡುತ್ತದೆ. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಆಗಿದ್ದರೆ ಚಿಂತೆಯಿಲ್ಲ, ಅದು ಸರಿಯಾಗಿ ಹೇಳುತ್ತದೆ. ಏಳನೇ ತಿಂಗಳಲ್ಲಿ ಮಾಡಿಸಿದರೆ ಅಷ್ಟು ನಂಬೋ ಹಾಗಿಲ್ಲ, ಆಗ ಮಕ್ಕಳ ಗಾತ್ರದಲ್ಲೇ ಹೆಚ್ಚುಕಡಿಮೆ ಇರುತ್ತದೆ.

ಆಮೇಲೆ ಹಬ್ಬ ಹಿಡಿದು ಕೇಳಲು ಶುರು ಮಾಡಿದೆ. ಯುಗಾದಿಗೆ ತಲೆಗೆ ನೀರು ಹಾಕ್ಕೊಂಡಿದ್ರಾ? ವರಮಹಾಲಕ್ಷ್ಮಿಗೆ ಕಳಸ ಇಟ್ಟಿದ್ದು ನೀವೋ ನಿಮ್ಮತ್ತೆಯೋ? ನಂದಿ ತೇರಿಗೆ ಹೋದಾಗ ಗುಡಿಯೊಳಗೆ ಹೋದ್ರಾ, ಆಚೆ ನಿಂತ್ರಾ? ಪೂಜೆಗೆ ಕೈ ಹಾಕದ ದಿನ ಯಾರಿಗೂ ಮರೆಯುವುದಿಲ್ಲ. ಆದರೆ ಎಲ್ಲಾ ತಿಂಗಳಲ್ಲೂ ಹಬ್ಬ ಎಲ್ಲಿರುತ್ತೆ?

ದಾರಿ ತೋರಿಸಿದ್ದು ಒಬ್ಬ ಅತ್ತೆ. ಸೊಸೆಗೆ ಐದು ತಿಂಗಳು, ಕಾರ್ಡಲ್ಲಿ ಜುಲೈ 15 ಅಂತಿತ್ತು. ನಾನು ಸೊಸೆಯನ್ನು ಕೇಳುತ್ತಿದ್ದರೆ ಒಳಗಿಂದ ಅತ್ತೆ, "ಅಯ್ಯೋ, ನನಗೆ ಜ್ಞಾಪಕ ಇಲ್ವಾ? ಹುಳ ನಾಲ್ಕನೇ ಜ್ವರ ಎದ್ದ ದಿನಾನೇ ಇವಳು ಆಚೆ ಕೂತಳು, ಅಷ್ಟೂ ಸೊಪ್ಪು ನಾನೊಬ್ಬಳೇ ಹಾಕ್ದೆ" ಅಂದರು. ರೇಷ್ಮೆ ಹುಳ ಚರ್ಮ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವು ನೋಡಬೇಕು, ಸೊಪ್ಪು ಕತ್ತರಿಸಿ ಹಾಕಿದಷ್ಟೂ ಸಾಲದು. ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದು ಅನ್ನುವ ಪದ್ಧತಿ ಬಹಳ ಮನೆಗಳಲ್ಲಿದೆ. ನನಗದು ಹಿಡಿಸುವುದಿಲ್ಲ, ಆದರೆ ಜಗಳ ಆಡಲು ನಾನು ಹೋಗಿರಲಿಲ್ಲ ಅಲ್ವಾ.

"ಆ ಗೂಡು ಯಾವಾಗ ಮಾರಿದ್ರಿ ಅಮ್ಮಾ?" ಅಂದೆ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿಗಳಿಂದ ಮಾರ್ಕೆಟ್ಟಿನ ರಸೀದಿ ತೆಗೆದುಕೊಟ್ಟರು. ಜುಲೈ 3. ಜ್ವರ ಎದ್ದು ಹುಳ ಹಣ್ಣಾಗೋಕೆ, ಅಂದರೆ ಗೂಡು ಕಟ್ಟೋ ಹದಕ್ಕೆ ಬರೋಕೆ, ಏಳೆಂಟು ದಿನ, ಗೂಡು ಕಟ್ಟೋ ಬಿದಿರಿನ ತಟ್ಟೆಗೆ (ಚಂದ್ರಿಕೆ) ಬಿಟ್ಟು ಗೂಡು ಬಿಡಿಸೋಕೆ ಐದಾರು ದಿನ. ಅತ್ತೆ ಬೆರಳು ಮಡಚಿ ಎಣಿಸಿದರು, ಹದಿಮೂರು. ಜೂನ್ 20. ಮಾರನೇ ತಿಂಗಳು ಮುಟ್ಟಾಗಿಲ್ಲ ಅನ್ನೋದನ್ನೂ ಸೊಸೆ ಒಪ್ಪಿದಳು. ಕಾರ್ಡಿಗೂ ಇದಕ್ಕೂ 25 ದಿನ ವ್ಯತ್ಯಾಸ!

ಅವತ್ತಿಂದ ಹುಳ ಸಾಕುವ ಮನೆಯಲ್ಲಿ ನನ್ನ ಮೊದಲ ಪ್ರಶ್ನೆ ಹುಳದ್ದೇ. ಸಾಕದ ಮನೆಯಲ್ಲಿ ರಾಗಿ ಕೊಯ್ಲು, ಅವರೆಕಾಯಿ ಕಾಲ, ಸಂಘದ ಸಾಲದ ಕಂತಿನ ದಿನ, ಏನಾದರೂ ಒಂದು ಸಿಗುತ್ತದೆ. ಬಾಗೇಪಲ್ಲಿ ಕಡೆ ತೆಲುಗು ಮನೆಗಳಲ್ಲಿ "ನೆಲ ತಪ್ಪಿಂದಿ" ಅಂದಾಗ ನಮ್ಮ ತಂಡದ ಧಾರವಾಡದ ಹುಡುಗಿ, ಎಲ್ಲಿ ಬಿದ್ದರು ಅಂತ ಗಾಬರಿಯಾಗಿದ್ದಳು. ತೆಲುಗಲ್ಲಿ ನೆಲ ಅಂದರೆ ತಿಂಗಳು.

ಅತ್ತೆ ಮುಂದೆ ಕೇಳಬಾರದ್ದೂ ಇದೆ. ಹಿಂದೆ ಹೋದ ಗರ್ಭದ ವಿಷಯ. "ಎಷ್ಟು ಸಲ ಗರ್ಭಿಣಿಯಾಗಿದ್ದಿರಿ" ಅಂದರೆ ಬದುಕಿರುವ ಮಕ್ಕಳನ್ನು ಎಣಿಸಿ "ಎರಡು" ಅಂದುಬಿಡುತ್ತಾರೆ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಒಬ್ಬರೇ ಸಿಕ್ಕಾಗ, "ಇವೆರಡರ ಮಧ್ಯೆ ಯಾವಾಗಾದ್ರೂ ಮುಟ್ಟು ನಿಂತು, ಆಮೇಲೆ ಹೋಗಿದ್ದು ಉಂಟಾ?" ಅಂತ ಕೇಳಿ ಸುಮ್ನೆ ಇರಬೇಕು. ಒಬ್ಬಾಕೆ ಬಟ್ಟೆ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ ಬಂದು "ಉಂಟು" ಅಂದಳು. ಅವತ್ತು ಅಷ್ಟೇ ಬರೆದುಕೊಂಡು ಬಂದೆ.

ಇನ್ನೊಂದು ಮಾತು, ತವರಿನ ಫೋನ್ ನಂಬರ್ ಮೊದಲ ಭೇಟಿಯಲ್ಲೇ ಇಸ್ಕೊಳ್ಳಿ. ಚೊಚ್ಚಲಾದರೆ ಏಳಕ್ಕೋ ಒಂಬತ್ತಕ್ಕೋ ಕರೆದುಕೊಂಡು ಹೋಗುತ್ತಾರೆ, ನೀವು ಹೋದಾಗ ಮನೆಗೆ ಬೀಗ.

ಆ ಸೊಸೆಗೂ ಹೆರಿಗೆ ತವರಲ್ಲೇ, ಚಿಂತಾಮಣಿ ಹತ್ತಿರ, ಮಾರ್ಚ್ 10ಕ್ಕೆ. ಹೆಣ್ಣು ಮಗು, 2.4 ಕೆಜಿ. ಕಾರ್ಡಿನ ಲೆಕ್ಕದಲ್ಲಿ 34 ವಾರಕ್ಕೆ ಹುಟ್ಟಿದ ಮಗು. ಅತ್ತೆಯ ಲೆಕ್ಕದಲ್ಲಿ 263 ದಿನ, ಅಂದರೆ 37 ವಾರ ದಾಟಿದೆ. ದಿನ ತುಂಬಿಯೂ ತೂಕ ಕಡಿಮೆ ಅಂದರೆ ಹುಡುಕಬೇಕಾದ ಕಾರಣಗಳೇ ಬೇರೆ. ತಾರೀಖು ಎಲ್ಲಿಂದ ಸಿಕ್ಕಿತು ಅಂತ ಷರಾ ಕಾಲಂನಲ್ಲಿ "4ನೇ ಜ್ವರ, ಮಾರ್ಕೆಟ್ ರಸೀದಿ" ಅಂತ ಬರೆದಿದ್ದೆ. ಬೆಂಗಳೂರಿಂದ ಡೇಟಾ ಎಂಟ್ರಿ ಹುಡುಗ ಫೋನ್ ಮಾಡಿದ. "ಮೇಡಂ, ತಾಯಿಗೆ ನಾಲ್ಕು ಸಲ ಜ್ವರ ಬಂದಿತ್ತಾ? ಯಾವ ಕೋಡ್ ಹಾಕ್ಲಿ?"