ಗಂಟು ನೋವಿಗೆ ಮೊದಲ ಸಲ ತಜ್ಞರ ಬಳಿ ಹೋಗುವಾಗ

ಅಡಿಕೆ ಸುಲಿಯುವ ಹಂಗಾಮಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತವರಿಗೆ ಕೈ ನೋಯುವುದು ಹೊಸದಲ್ಲ. ಆದರೆ ಅಡಿಕೆ ಒಣಗಿ, ಸೊಸೈಟಿಗೆ ಹೋಗಿ, ದುಡ್ಡೂ ಕೈಗೆ ಬಂದ ಮೇಲೂ ಬೆಳಿಗ್ಗೆ ಲೋಟ ಹಿಡಿಯಲು ಬೆರಳು ಬಗ್ಗುತ್ತಿಲ್ಲ ಎಂದರೆ ಅದನ್ನು ಕೆಲಸದ ನೋವು ಎಂದು ತಳ್ಳಿಹಾಕಬೇಡಿ.

ನಮ್ಮ ಉತ್ತರ ಕನ್ನಡದ ಕಡೆ ಗಂಟು ನೋವಿಗೆ ಒಂದು ಮಾಮೂಲಿ ದಾರಿ ಇದೆ. ಮೊದಲು ಎಣ್ಣೆ ಮತ್ತು ಬಚ್ಚಲಿನ ಬಿಸಿನೀರು. ಆಮೇಲೆ ಯಾರೋ ಹೇಳಿದ ಕಷಾಯ. ಆಮೇಲೆ ಮೆಡಿಕಲ್ ಶಾಪಿನ ಗುಳಿಗೆ, ನಂತರ ಊರ ಡಾಕ್ಟರ ಇಂಜೆಕ್ಷನ್. ತಜ್ಞರ ಮಾತು ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಎಲ್ಲ ಗಂಟು ನೋವಿಗೂ ಅವಸರ ಬೇಡ. ಆದರೆ ಬಾವು ಬರುವ ಸಂಧಿವಾತದಲ್ಲಿ ಮೊದಲ ಕೆಲವು ತಿಂಗಳೇ ಮುಖ್ಯ. ಆಗ ಚಿಕಿತ್ಸೆ ಶುರುವಾದರೆ ಕೀಲು ಉಳಿಯುತ್ತದೆ. ಒಮ್ಮೆ ಕೀಲಿನ ಅಂಚು ತಿಂದುಹೋದರೆ ಯಾವ ಔಷಧವೂ ಅದನ್ನು ಮರಳಿ ತರುವುದಿಲ್ಲ.

ಯಾವ ಡಾಕ್ಟರ್ ಬೇಕು?

ಗಂಟು ನೋವು ಎಂದ ಕೂಡಲೇ ಎಲ್ಲರೂ ಎಲುಬಿನ ಡಾಕ್ಟರ ಬಳಿ ಓಡುತ್ತೇವೆ. ಬಿದ್ದು ಪೆಟ್ಟಾಗಿದ್ದರೆ, ವಯಸ್ಸಾಗಿ ಮಂಡಿ ಸವೆದಿದ್ದರೆ, ಆಪರೇಷನ್ ಮಾತು ಬಂದಿದ್ದರೆ ಅವರೇ ಸರಿ. ಬಾವು ಬಂದು, ಹಲವು ಗಂಟುಗಳು ಒಟ್ಟಿಗೆ ಹಿಡಿದುಕೊಂಡರೆ ನೋಡಬೇಕಾದವರು ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರು. ಇವರು ಆಪರೇಷನ್ ಮಾಡುವವರಲ್ಲ, ಔಷಧದಿಂದ ಕಾಯಿಲೆ ಹಿಡಿದು ನಿಲ್ಲಿಸುವವರು.

ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು. ಸವೆತದ ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಜಾಸ್ತಿ, ಕೂತರೆ ಕಡಿಮೆ. ಬೆಳಿಗ್ಗೆ ಬಿಗಿ ಇದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಬಾವು ಬರುವ ಬಗೆಯಾದ ರುಮಟಾಯ್ಡ್ ಸಂಧಿವಾತ ಇದಕ್ಕೆ ತಿರುಗಾಮುರುಗಾ. ವಿಶ್ರಾಂತಿಯಲ್ಲೇ ಜಾಸ್ತಿ, ಕೆಲಸಕ್ಕೆ ಕೈ ಹಚ್ಚಿದ ಮೇಲೆ ಸ್ವಲ್ಪ ಸಡಿಲ. ಬೆಳಗಿನ ಬಿಗಿ ಒಂದು ಗಂಟೆ ದಾಟುವುದೂ ಉಂಟು. ಮಣಿಕಟ್ಟು, ಬೆರಳಿನ ಬುಡದ ಗಂಟುಗಳು, ಪಾದದ ಮುಂಭಾಗ, ಅದೂ ಎಡ ಬಲ ಎರಡೂ ಕಡೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ಮೂವತ್ತರ ಹರೆಯದವರಿಗೂ ಬರುತ್ತದೆ, ‘ಈ ವಯಸ್ಸಿಗೇ ವಾತವಾ?’ ಎಂದು ನಗಬೇಡಿ.

ಇನ್ನೂ ಇವೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋದಂತಾದರೆ ಗೌಟ್, ಅಂದರೆ ಯೂರಿಕ್ ಆಸಿಡ್ ಗಂಟಿನಲ್ಲಿ ಕೂಡಿ ಬರುವ ವಾತ ಇರಬಹುದು. ಹರೆಯದ ಹುಡುಗನಿಗೆ ಬೆಳಗಿನ ಜಾವ ಸೊಂಟ ನೋವು, ಎದ್ದು ಓಡಾಡಿದರೆ ಆರಾಮ ಎಂದಾದರೆ ಅದೂ ಸಂಧಿವಾತದ ಒಂದು ಬಗೆ ಇರಬಹುದು. ಚಿಕೂನ್‌ಗುನ್ಯ ಬಂದು ಹೋದವರಿಗೂ ತಿಂಗಳುಗಟ್ಟಲೆ ಗಂಟು ಹಿಡಿದಿರುತ್ತದೆ.

ಒಂದಕ್ಕೆ ಮಾತ್ರ ಯಾವ ಅಪಾಯಿಂಟ್‌ಮೆಂಟೂ ಕಾಯಬೇಡಿ. ಒಂದೇ ಗಂಟು ದಿಢೀರನೆ ಊದಿ, ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ಅದರೊಳಗೆ ಸೋಂಕು ಇರಬಹುದು. ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ.

ಎಲ್ಲಿಗೆ, ಹೇಗೆ?

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ನಮ್ಮ ಜನ ಕೂಗುತ್ತಾ ಬಂದು ವರ್ಷಗಳಾದವು. ಅಲ್ಲಿಯ ತನಕ ನಮ್ಮ ದಾರಿಗಳು ಗೊತ್ತಿರುವವೇ. ಕಾರವಾರ, ಅಂಕೋಲಾದವರು ಗೋವಾಕ್ಕೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಆದರೂ ಮೊದಲು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಫಿಸಿಶಿಯನ್ ಅವರನ್ನು ಕಾಣಿ. ಅರ್ಧಕ್ಕರ್ಧ ನೋವು ಅಲ್ಲೇ ಬಗೆಹರಿಯಬಹುದು. ಬಗೆಹರಿಯದಿದ್ದರೆ ಒಂದು ರೆಫರಲ್ ಚೀಟಿ ಸಿಗುತ್ತದೆ. ಆಯುಷ್ಮಾನ್ ಕಾರ್ಡ್ ಬಳಸುವ ಯೋಚನೆ ಇದ್ದರೆ ಆ ಚೀಟಿ ಬೇಕಾಗುತ್ತದೆ. ಕಾರ್ಡ್ ಇದೆ ಎಂದು ಬರಿಗೈಯಲ್ಲಿ ಮಾತ್ರ ಹೊರಡಬೇಡಿ. ಅದರ ನೆರವು ಮುಖ್ಯವಾಗಿ ಅಡ್ಮಿಟ್ ಆದವರ ಚಿಕಿತ್ಸೆಗೆ. ತೋರಿಸಿ ಬರುವ ಖರ್ಚು, ರಕ್ತ ಪರೀಕ್ಷೆಯ ಖರ್ಚು ಕೈಯಿಂದಲೇ ಹೋಗಬಹುದು.

ಹೊರಡುವ ಮೊದಲು ಒಂದು ಫೋನ್ ಮಾಡಿ. ರುಮಟಾಲಜಿಸ್ಟ್ ಯಾವ ದಿನ ಇರುತ್ತಾರೆ? ಹೊಸ ಪೇಷೆಂಟ್‌ಗಳನ್ನು ಎಷ್ಟು ಹೊತ್ತಿಗೆ ನೋಡುತ್ತಾರೆ? ಎಲ್ಲ ದಿನವೂ ಇರುತ್ತಾರೆ ಎಂದುಕೊಂಡು ಹೋದವರು ವಾಪಸ್ ಬಂದದ್ದುಂಟು. ಬೆಳಿಗ್ಗೆ ಬಿಗಿ ಇರುವವರಿಗೆ ಐದು ಗಂಟೆಯ ಬಸ್ಸು ಶಿಕ್ಷೆ, ಆದಷ್ಟು ಮಧ್ಯಾಹ್ನದ ಸಮಯ ಕೇಳಿ. ಕರಾವಳಿಯವರಿಗೆ ರೈಲು ಉತ್ತಮ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ಉಡುಪಿ ನಿಲ್ದಾಣ ಇರುವ ಇಂದ್ರಾಳಿಯಿಂದ ಮಣಿಪಾಲವೂ ಹತ್ತಿರ. ಶಿರಸಿ ಕಡೆಯಿಂದ ಕುಮಟಾಕ್ಕೆ ಇಳಿದು ಹೋಗುವವರು ಮಳೆಗಾಲದಲ್ಲಿ ದೇವಿಮನೆ ಘಟ್ಟದ ಸ್ಥಿತಿಯನ್ನೂ ವಿಚಾರಿಸಿಕೊಳ್ಳಿ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದೇ ಮುಖ್ಯ, ಹೆಚ್ಚಿನವರು ಬಿಡುವುದೂ ಇದನ್ನೇ. ರಿಪೋರ್ಟಿನ ಕಟ್ಟು ಹೊತ್ತು ಹೋಗುತ್ತಾರೆ, ನೋವಿನ ಕತೆ ಮಾತ್ರ ತಯಾರಿರುವುದಿಲ್ಲ. ಈ ಕಾಯಿಲೆಯಲ್ಲಿ ಡಾಕ್ಟರಿಗೆ ಅರ್ಧ ಉತ್ತರ ಸಿಗುವುದು ಕತೆಯಲ್ಲೇ. ಅಂಕೋಲಾ ಕಡೆಯ ಒಬ್ಬ ಅಕ್ಕನ ಜೊತೆ ಒಳಗೆ ಹೋದಾಗ ಕೇಳಿದ ಮಾತು ಇದು:

‘ಬೆಳಿಗ್ಗೆ ಕೈ ಸಡಿಲ ಆಗ್ಲಿಕ್ಕೆ ಎಷ್ಟು ಹೊತ್ತು ಬೇಕಮ್ಮ?’

‘ಅದು ದಿನಾ ಇರ್ತದೆ ಡಾಕ್ಟ್ರೆ.’

‘ಎಷ್ಟು ಹೊತ್ತು?’

‘ಹೇಳ್ಲಿಕ್ಕೆ ಬರುದಿಲ್ಲ. ಸುಮಾರು ಹೊತ್ತು.’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಎದ್ದ ಮೇಲೆ ಮೊದಲು ಏನು ಮಾಡ್ತೀರಿ?’

‘ಒಲೆ ಹಚ್ತೆ. ಚಾ ಇಡ್ತೆ. ಕಾಯಿ ತುರೂದು ಈಗ ಸೊಸೆನೇ. ನನ್ನ ಕೈಗೆ ಆಗುದು ಅವ್ರೆಲ್ಲ ತಿಂಡಿ ತಿಂದು ಹೋದ ಮೇಲೇ.’

ಅಲ್ಲಿಗೆ ಉತ್ತರ ಸಿಕ್ಕಿತು. ಆರಕ್ಕೆ ಏಳುವವರ ಕೈ ಒಂಬತ್ತಕ್ಕೆ ಕೆಲಸಕ್ಕೆ ಬರುತ್ತಿದೆ. ಹಾಗಾಗಿ ಗಂಟೆಯ ಲೆಕ್ಕ ಬಾರದಿದ್ದರೆ ಕೆಲಸದ ಲೆಕ್ಕ ಬರೆಯಿರಿ. ರವಿಕೆ ಹುಕ್ಕು ಹಾಕಲು ಆಗುತ್ತದೆಯೇ, ಬಟ್ಟೆ ಹಿಂಡಲು ಆಗುತ್ತದೆಯೇ, ಬೈಕಿನ ಕ್ಲಚ್ ಒತ್ತಲು ಆಗುತ್ತದೆಯೇ, ನೆಲದಿಂದ ಏಳಲು ಕೈ ಊರಬೇಕೇ.

ನೋವು ಶುರುವಾದದ್ದು ಯಾವಾಗ, ಯಾವ ಗಂಟಿನಲ್ಲಿ, ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನೂ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ‘ಕಳೆದ ಚೌತಿ ಹೊತ್ತಿಗೆ’ ಎಂದರೂ ಸಾಕು. ಊತ ಬರುವುದು ಹೋಗುವುದು ಮಾಡುತ್ತಿದ್ದರೆ ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ ಮುಂದೆ ಕೂತಾಗ ಗಂಟು ನೆಟ್ಟಗೇ ಇರುತ್ತದೆ!

ಗಂಟಿಗೆ ಸಂಬಂಧವೇ ಇಲ್ಲ ಎನಿಸುವ ಸಂಗತಿಗಳನ್ನೂ ಸೇರಿಸಿ. ತಲೆಯಲ್ಲಿ, ಮೊಣಕೈಯಲ್ಲಿ ಹೊಟ್ಟು ಏಳುವ ಸೋರಿಯಾಸಿಸ್, ಪದೇ ಪದೇ ಕಣ್ಣು ಕೆಂಪಾಗುವುದು, ಬಾಯಿ ಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಮುಖ ಕೆಂಪಾಗುವುದು, ತೂಕ ಇಳಿದದ್ದು. ಮನೆಯಲ್ಲಿ ಯಾರಿಗಾದರೂ ಸಂಧಿವಾತ ಇತ್ತೇ ಎಂಬುದನ್ನೂ ಕೇಳಿಕೊಂಡು ಹೋಗಿ.

ಚೀಲದಲ್ಲಿ ಏನಿರಬೇಕು?

ಹಳೆಯ ಚೀಟಿಗಳು, ರಕ್ತ ಪರೀಕ್ಷೆಯ ರಿಪೋರ್ಟುಗಳು, ಎಕ್ಸ್‌ರೇ. ನಮ್ಮ ಮಳೆಗಾಲದ ಥಂಡಿಗೆ ಎಕ್ಸ್‌ರೇ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಕಾಗದ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಈಗ ನುಂಗುತ್ತಿರುವ ಗುಳಿಗೆಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ, ಖಾಲಿ ಸ್ಟ್ರಿಪ್ಪುಗಳನ್ನೇ ಒಯ್ಯಿರಿ. ಬಿಪಿ, ಶುಗರ್ ಗುಳಿಗೆಯೂ ಸೇರಿ.

ಕಷಾಯ, ಲೇಹ್ಯ, ಪುಡಿ ಇದ್ದರೆ ಅದನ್ನೂ. ಡಾಕ್ಟರು ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಅದರಲ್ಲೂ ಚೀಟಿ ಅಂಟಿಸದ ಡಬ್ಬಿಯ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯವಾಗಿದ್ದರೆ ಅದನ್ನು ತೋರಿಸಲೇಬೇಕು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಉಬ್ಬುತ್ತದೆ, ಶುಗರ್ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ತಟ್ಟನೆ ಬಿಟ್ಟರೆ ಅದೂ ಅಪಾಯ. ಹಾಗಾಗಿ ಸ್ವಂತ ಬುದ್ಧಿಯಿಂದ ನಿಲ್ಲಿಸಲೂ ಬೇಡಿ, ಮೊದಲು ಹೇಳಿ. ನೋವಿನ ಗುಳಿಗೆ ಆ ದಿನ ತಗೊಳ್ಳಬೇಕೇ ಬೇಡವೇ ಎಂಬುದನ್ನು ಫೋನಿನಲ್ಲೇ ಕೇಳಿಕೊಳ್ಳಿ.

ಜೊತೆಗೆ ಒಬ್ಬರು ಬರಲಿ, ಆದರೆ ಯಾರು ಎಂದು ಯೋಚಿಸಿ. ಮಗು ಬೇಕೆಂಬ ಆಲೋಚನೆ ಇದ್ದರೆ ಅದನ್ನು ಹೇಳಲೇಬೇಕು, ಸಂಧಿವಾತದ ಕೆಲವು ಔಷಧಗಳು ಗರ್ಭಿಣಿಯರಿಗೆ ಆಗುವುದಿಲ್ಲ. ಮಾವನವರು ಪಕ್ಕದಲ್ಲಿ ಕೂತರೆ ಅದನ್ನು ಹೇಳುವುದು ಹೇಗೆ? ಗಂಡಸರ ಕತೆಯೂ ಅಷ್ಟೆ. ಸಂಜೆ ಕುಡಿಯುವ ಅಭ್ಯಾಸ ಇದ್ದರೆ ಮಗನೆದುರು ‘ಇಲ್ಲ’ ಎನ್ನುತ್ತಾರೆ, ಔಷಧ ಶುರುವಾದ ಮೇಲೆ ಪೆಟ್ಟು ಬೀಳುವುದು ಲಿವರ್‌ಗೆ.

ಒಳಗೆ ಹೋದ ಮೇಲೆ

ಸಡಿಲ ಬಟ್ಟೆ ಹಾಕಿ. ಮಂಡಿ, ಮೊಣಕೈ, ಪಾದ ಎಲ್ಲ ನೋಡುತ್ತಾರೆ. ಬಿಗಿಯಾದ ಉಂಗುರ, ಬಳೆ ಮನೆಯಲ್ಲೇ ತೆಗೆದಿಡಿ. ಉಗುರಿಗೆ ಬಣ್ಣ ಬೇಡ, ಉಗುರಿನ ಮೇಲಿನ ಸಣ್ಣ ಗುಳಿಗಳು ಸೋರಿಯಾಸಿಸ್‌ನ ಗುರುತಾಗಿರಬಹುದು. ಡಾಕ್ಟರು ಒಂದೊಂದೇ ಗಂಟನ್ನು ಬೆರಳಿನಿಂದ ಒತ್ತುತ್ತಾರೆ. ಮುಷ್ಟಿ ಕಟ್ಟಲು ಹೇಳುತ್ತಾರೆ. ಅಂಗೈಯನ್ನು ಎರಡೂ ಬದಿಯಿಂದ ಹಿಡಿದು ಮೆಲ್ಲಗೆ ಹಿಂಡುತ್ತಾರೆ, ಬೆರಳ ಬುಡದಲ್ಲಿ ಬಾವಿದ್ದರೆ ಆಗ ಚುರುಕ್ ಎನ್ನುತ್ತದೆ. ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಡಿ. ‘ಇಲ್ಲಿ ನೋವು’ ಎಂದು ಬಾಯಿಬಿಟ್ಟು ಹೇಳಿ. ತಾಳಿಕೊಳ್ಳುವ ಶಕ್ತಿ ತೋರಿಸುವ ಜಾಗ ಇದಲ್ಲ, ಅಲ್ವಾ?

ರಕ್ತ ಪರೀಕ್ಷೆ

ಇಎಸ್‌ಆರ್, ಸಿಆರ್‌ಪಿ ಮೈಯಲ್ಲಿ ಬಾವು ಎಷ್ಟಿದೆ ಎಂದು ತೋರಿಸುತ್ತವೆ. ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ ರುಮಟಾಯ್ಡ್ ಪತ್ತೆಗೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆರ್‌ಎ ಪಾಸಿಟಿವ್ ಬಂದ ಕೂಡಲೇ ಕಾಯಿಲೆ ಇದೆ ಎಂದಲ್ಲ, ಆರೋಗ್ಯವಂತರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ ಬರಬಹುದು. ನೆಗೆಟಿವ್ ಬಂದರೆ ಇಲ್ಲ ಎಂದೂ ಅಲ್ಲ. ಯೂರಿಕ್ ಆಸಿಡ್ ಕೂಡ ಹಾಗೆಯೇ, ಗೌಟ್ ಏರಿದ ದಿನಗಳಲ್ಲೇ ಅದು ನಾರ್ಮಲ್ ಇರುವುದುಂಟು. ಲ್ಯಾಬಿನಿಂದ ರಿಪೋರ್ಟ್ ಹಿಡಿದು ಹೊರಬರುತ್ತಲೇ ಮೊಬೈಲಿನಲ್ಲಿ ಹುಡುಕಿ ಗಾಬರಿ ಬೀಳಬೇಡಿ. ಈ ಪರೀಕ್ಷೆಗಳಿಗೆ ಖಾಲಿ ಹೊಟ್ಟೆ ಬೇಕಿಲ್ಲ, ಜೊತೆಗೆ ಶುಗರ್ ಪರೀಕ್ಷೆ ಸೇರಿಸಿದರೆ ಬೇಕಾಗಬಹುದು.

ಔಷಧದ ಚೀಟಿ ಕೈಗೆ ಬಂದಾಗ

ರುಮಟಾಯ್ಡ್ ಎಂದು ಖಚಿತವಾದರೆ ಹೆಚ್ಚಾಗಿ ಮೊದಲು ಬರೆಯುವುದು ಮೆಥೊಟ್ರೆಕ್ಸೇಟ್. ಈ ಒಂದು ಹೆಸರನ್ನು ಚೆನ್ನಾಗಿ ನೆನಪಿಡಿ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನಾ ನುಂಗುವ ಗುಳಿಗೆಗಳ ಜೊತೆ ಬೆರೆಸಿ ದಿನಾ ನುಂಗಿದರೆ ಬಾಯಿ ತುಂಬಾ ಹುಣ್ಣು, ರಕ್ತಕಣಗಳ ಕುಸಿತ, ಪ್ರಾಣಕ್ಕೂ ಕುತ್ತು. ವಾರದ ದಿನವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಕಾರವಾರದವರಾದರೆ ರವಿವಾರದ ಸಂತೆ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಇದರ ಜೊತೆ ಫೋಲಿಕ್ ಆಸಿಡ್ ಕೊಡುತ್ತಾರೆ, ಅದನ್ನು ಯಾವ ದಿನ ಎಂದು ಬೇರೆಯಾಗಿ ಕೇಳಿ. ಕುಡಿತಕ್ಕೂ ಇದಕ್ಕೂ ಆಗಿಬರುವುದಿಲ್ಲ.

ಇನ್ನೊಂದು ಮಾತು. ಈ ಔಷಧಗಳು ಇವತ್ತು ನುಂಗಿದರೆ ನಾಳೆ ನೋವು ಹೋಗುವಂಥವಲ್ಲ, ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ತಿಂಗಳಿಗೇ ಬೇಸತ್ತು ಬಿಡುವವರೂ ಉಂಟು. ಅಲ್ಲಿಯ ತನಕ ಸುಧಾರಿಸಿಕೊಳ್ಳಲು ಕೆಲವರಿಗೆ ಸ್ವಲ್ಪ ದಿನ ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಕೊಡುತ್ತಾರೆ. ಅದನ್ನು ಹೇಗೆ ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೇಳದೆ ಎದ್ದು ಬರಬೇಡಿ. ಸಂಧಿವಾತದ ಇನ್ನೊಂದು ಔಷಧವಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಬರೆದರೆ ಕಣ್ಣಿನ ತಪಾಸಣೆ ಯಾವಾಗ ಎಂದು ಕೇಳಿ.

ಎದ್ದು ಬರುವ ಮೊದಲು ಮತ್ತೆರಡು ವಿಷಯ ತಿಳಿದುಕೊಳ್ಳಿ. ಮುಂದಿನ ರಕ್ತ ಪರೀಕ್ಷೆಯನ್ನು ಶಿರಸಿಯಲ್ಲೋ ಕುಮಟಾದಲ್ಲೋ ಮಾಡಿಸಿ ಕಳಿಸಿದರೆ ನಡೆಯುತ್ತದೆಯೇ? ನಡೆದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಉಳಿದವು. ಜ್ವರ ಬಂದರೆ ಏನು ಮಾಡಬೇಕು? ಇದು ನಮ್ಮಲ್ಲಿ ಮಳೆಗಾಲದ ಪ್ರಶ್ನೆ. ಡೆಂಗಿ, ಇಲಿಜ್ವರದ ದಿನಗಳಲ್ಲಿ ಊರ ಡಾಕ್ಟರ ಬಳಿ ಹೋದಾಗ ‘ನಾನು ಮೆಥೊಟ್ರೆಕ್ಸೇಟ್ ತಗೊಳ್ತಿದ್ದೇನೆ’ ಎಂಬುದೇ ಮೊದಲ ಮಾತಾಗಿರಲಿ. ಕೊ-ಟ್ರೈಮೊಕ್ಸಜೋಲ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಇದರ ಜೊತೆ ಸೇರಬಾರದು. ಜ್ವರ ಇರುವಷ್ಟು ದಿನ ಆ ವಾರದ ಡೋಸ್ ಬಿಡಬೇಕೇ ಎಂದು ತಜ್ಞರಿಗೆ ಫೋನ್ ಮಾಡಿ ಕೇಳಿ. ಔಷಧದ ಹೆಸರು, ಪ್ರಮಾಣ, ವಾರದ ದಿನ ಬರೆದ ಒಂದು ಚೀಟಿ ಪರ್ಸಿನಲ್ಲಿರಲಿ, ಅದರದ್ದೇ ಫೋಟೋ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.