ಮುಂಬಯಿ ಎರಡು ಹೋಳಾಗಿತ್ತು

ಮಾಟುಂಗದಲ್ಲಿ ನಮ್ಮ ಕನ್ನಡ ಬಳಗದ ಪುಸ್ತಕಗಳ ಪಟ್ಟಿ ಇದೆ. ಅದರಲ್ಲಿ ಹುಡುಕಲು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ‘ಮುಂಬಯಿ’ ಅಂತ ಕೊಟ್ಟರೆ ಒಂದೂ ಪುಸ್ತಕ ಸಿಗಲಿಲ್ಲ. ಮುಂಬಯಿಯಲ್ಲೇ ಕೂತು ಹುಡುಕುತ್ತಿದ್ದೇನೆ, ನೋಡಿ!

ಪದ ಬಿಡಿಸಲು ರೆಗೆಕ್ಸ್ ಲೈಬ್ರರಿಯೊಂದನ್ನು, ಅಂದರೆ ಪ್ಯಾಟರ್ನ್ (ಮಾದರಿ) ಕೊಟ್ಟರೆ ಅದಕ್ಕೆ ಹೊಂದುವ ಭಾಗವನ್ನು ಪಠ್ಯದಲ್ಲಿ ಹುಡುಕಿಕೊಡುವ ಸಿದ್ಧ ಕೋಡನ್ನು, ಬಳಸಿದ್ದೆ. ಪ್ಯಾಟರ್ನ್ ಎಲ್ಲರಿಗೂ ಗೊತ್ತಿರುವುದೇ: ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು, ಪಕ್ಕದಲ್ಲಿ ಪ್ಲಸ್. ಪದದಲ್ಲಿ ಬರುವ ಅಕ್ಷರಗಳು ಸಾಲಾಗಿ ಎಷ್ಟಿದ್ದರೂ ಹಿಡಿ ಅಂತ ಅದರ ಅರ್ಥ. ಬಂದದ್ದು ಎರಡು ತುಂಡು, ‘ಮ’ ಮತ್ತು ‘ಬಯ’. ಕೊಂಬು, ಸೊನ್ನೆ, ಗುಡಿಸು ಮೂರೂ ಮಾಯ. ‘ಕನ್ನಡ’ ಕೊಟ್ಟರೆ ‘ಕನ’, ‘ನಡ’. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿಗಾಗಿ ಸಂಖ್ಯೆ ಕೊಡುವ ಪದ್ಧತಿ) ‘ಮು’ ಅಂದರೆ ಎರಡು ಸಂಕೇತ: ಮ ಅಕ್ಷರ, ಕೊಂಬು ಬರೀ ಗುರುತು. ಈ ಲೈಬ್ರರಿ ಗುರುತುಗಳನ್ನು ಪದದ ಭಾಗ ಅಂತ ಒಪ್ಪುತ್ತಲೇ ಇರಲಿಲ್ಲ.

ಸಿಟ್ಟಿನಲ್ಲಿ ಲೈಬ್ರರಿ ಮಾಡಿದವರಿಗೆ ಬರೆದ ಮೊದಲ ಬಗ್ ರಿಪೋರ್ಟ್ (ದೋಷದ ವರದಿ) ದಂಡವಾಯಿತು. ಸ್ಕ್ರೀನ್‌ಶಾಟ್ ಹಾಕಿ, ನನ್ನ ಇಡೀ ಪ್ರೋಗ್ರಾಂ ಅಂಟಿಸಿದ್ದೆ. ಕನ್ನಡ ಓದಲು ಬಾರದವರಿಗೆ ಅದರಲ್ಲಿ ತಪ್ಪೇನು ಕಾಣಬೇಕು? ತಪ್ಪು ನನ್ನದೇ.

ಮತ್ತೆ ಬರೆದೆ. ಈ ಸಲ ಒಂದೇ ಸಾಲಿನ ಕೋಡ್. ಪದವನ್ನು ಸಂಕೇತಸಂಖ್ಯೆಗಳಲ್ಲೇ ಕೊಟ್ಟೆ: ಮ 0ಸಿಎಇ, ಕೊಂಬು 0ಸಿಸಿ1, ಹೀಗೆ ಆರೂ. ಬರಬೇಕಾದದ್ದು 1 ಪದ, ಬಂದದ್ದು 2. ಲೈಬ್ರರಿಯ ಆವೃತ್ತಿ ಯಾವುದೆಂದೂ ಬರೆದೆ. ಪಕ್ಕದ ಸೀಟಿನ ಮರಾಠಿ ಗೆಳೆಯ ದೇವನಾಗರಿಯ ‘ಮುಂಬಈ’ ಕೊಟ್ಟು ನೋಡಿದ, ಅದೂ ಒಡೆಯಿತು. ಅದನ್ನೂ ಸೇರಿಸಿದೆ. ಜೊತೆಗೆ, ಗುರುತುಗಳೂ ಪದದ ಭಾಗವಾಗಬೇಕು ಎನ್ನುವ ಯುನಿಕೋಡ್‌ನ ತಾಂತ್ರಿಕ ಮಾನದಂಡ 18ನ್ನು ತೋರಿಸಿದೆ. ನನ್ನ ವಾದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ ಅನಿಸುತ್ತದೆ.

ತಿದ್ದುಪಡಿ ಬಂತು. ‘ಕನ್ನಡ’ ಸರಿಹೋಯಿತು. ‘ಮುಂಬಯಿ’ ಮಾತ್ರ ‘ಮ’, ‘ಬಯಿ’ ಆಯಿತು! ಗುಡಿಸು ಬಂತು, ಕೊಂಬು ಸೊನ್ನೆ ಬರಲಿಲ್ಲ. ತಲೆ ಕೆರೆದುಕೊಂಡು ಯುನಿಕೋಡ್ ಪಟ್ಟಿ ತೆಗೆದೆ. ಅದರಲ್ಲಿ ಗುರುತುಗಳಿಗೂ ಜಾತಿ ಇದೆ. ಹಲಂತ, ಗುಡಿಸು, ಏತ್ವ ಜಾಗ ಹಿಡಿಯದ ಗುಂಪಿನಲ್ಲಿವೆ. ಕೊಂಬು, ಇಳಿ, ಸೊನ್ನೆ ಜಾಗ ಹಿಡಿಯುವ ಗುಂಪಿನಲ್ಲಿವೆ. ಲೈಬ್ರರಿಯವರು ಮೊದಲ ಗುಂಪನ್ನಷ್ಟೇ ಸೇರಿಸಿದ್ದರು. ಅದೇ ರಿಪೋರ್ಟಿನ ಕೆಳಗೆ ಇನ್ನೊಂದು ಸಾಲು ಬರೆದೆ, ಅದನ್ನೂ ಸರಿಮಾಡಿದರು.

ಅಲ್ಲಿಯತನಕ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಇಡೀ ಕನ್ನಡ ಸಾಲನ್ನೇ ಪ್ಯಾಟರ್ನ್‌ಗೆ ತುಂಬಿ ಕೆಲಸ ಸಾಗಿಸಿದ್ದೆ. ಚೆಂದವಲ್ಲ, ಆದರೆ ನಡೆಯಿತು.

ಮೊನ್ನೆ ಸುಮ್ನೆ ‘ರಾಜ್‌ಕುಮಾರ್’ ಕೊಟ್ಟು ನೋಡಿದೆ. ರಾಜ್ ಬೇರೆ, ಕುಮಾರ್ ಬೇರೆ. ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಕೂಡದಂತೆ ತಡೆಯುವ ಸಂಕೇತ, ಕೂತಿತ್ತು. ಅದೂ ಪದದೊಳಗೆ ಬರಬೇಕು ಅಂತ ಅದೇ ಮಾನದಂಡ ಹೇಳುತ್ತದೆ. ಮೂರನೇ ರಿಪೋರ್ಟ್ ಬರೆಯುತ್ತಿದ್ದೇನೆ.