ಟ್ರೇಲರ್ ಎಳೆಯುವ ಖರ್ಚು: ಮೂರು ಟ್ರಕ್ಕುಗಳಿಗೆ ಒಂದೇ ಅಳತೆಗೋಲು

ಎಲೆಕ್ಟ್ರಿಕ್ ಪಿಕಪ್ ಟ್ರಕ್ಕಿನ ಪರದೆಯಲ್ಲಿ ಕಾಣುವ, ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಮೈಲಿ ಎಂಬ ಅಂಕಿಯನ್ನು ಹಿಡಿದು ಡೀಸೆಲ್ ಟ್ರಕ್ಕಿನ ಮೈಲೇಜನ್ನು ಹೆಚ್ಚಿಸಬಹುದು ಎಂದು ನಾನು ಹೇಳಿದಾಗ, ನನ್ನಂತೆಯೇ ಟ್ರೇಲರ್ ಕಟ್ಟಿಕೊಂಡು ಅಮೆರಿಕದ ಹೆದ್ದಾರಿಗಳಲ್ಲಿ ಅಲೆಯುವ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ ಅದೇ ಟ್ರೇಲರನ್ನು ಎಳೆಯುವಾಗ ಗ್ಯಾಲನ್‌ಗೆ ಸುಮಾರು 11 ಮೈಲಿ ಕೊಡುತ್ತಿದ್ದ ಡೀಸೆಲ್ ಹದಿಮೂರೂವರೆಯ ಹತ್ತಿರಕ್ಕೆ ಬಂದಿದೆ, ಒಂಬತ್ತರಲ್ಲಿ ನಿಂತಿದ್ದ ಪೆಟ್ರೋಲ್ ಟ್ರಕ್ ಹನ್ನೊಂದಕ್ಕೆ ಸ್ವಲ್ಪವೇ ಕಡಿಮೆ ಕೊಡುತ್ತಿದೆ, ಹಾಗೂ ನೂರು ಮೈಲಿಗೆ ಉಸಿರು ಬಿಡುತ್ತದೆ ಎಂದು ಎಲ್ಲರೂ ಆಡಿಕೊಂಡಿದ್ದ ಎಲೆಕ್ಟ್ರಿಕ್ ಟ್ರಕ್ ಡೆನ್ವರಿನಿಂದ ಗ್ರ್ಯಾಂಡ್ ಜಂಕ್ಷನ್‌ವರೆಗೆ ರಾಕಿ ಪರ್ವತಗಳನ್ನು ದಾಟಿ ಹೋಗಿ ಬರುತ್ತಿದೆ. ಆಡಿಕೊಂಡವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಹಾಳೆಯನ್ನು ಕೇಳಿ ಪಡೆದಿದ್ದಾರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಟ್ರೇಲರ್ ಇಪ್ಪತ್ತೈದು ಅಡಿ ಉದ್ದದ, ಕ್ಯಾಂಪಿಗೆ ಎಳೆದೊಯ್ಯುವ ಗಾಲಿಮನೆ. ಸಾಮಾನು ತುಂಬಿದಾಗ ಸುಮಾರು 6,000 ಪೌಂಡ್ ತೂಗುತ್ತದೆ. ಮುಂಭಾಗ ಹೆಚ್ಚುಕಡಿಮೆ ನೇರವಾದ ಗೋಡೆಯೇ. ಪೆಟ್ರೋಲ್ ಟ್ರಕ್ ನನ್ನ ಹಳೆಯ, ಅರ್ಧ ಟನ್ ಎಂದು ಕರೆಯುವ ಹಗುರ ವರ್ಗದ ಟರ್ಬೊ ಗಾಡಿ, ಎಲೆಕ್ಟ್ರಿಕ್ ಗಾಡಿ 131 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಯ ಫೋರ್ಡ್ ಎಫ್-150 ಲೈಟ್ನಿಂಗ್, ಡೀಸೆಲ್ ನನ್ನ ಭಾವನವರ, ಮುಕ್ಕಾಲು ಟನ್ ಎನ್ನುವ ಅದಕ್ಕಿಂತ ಭಾರದ ವರ್ಗದ್ದು. ಆ ಗಾತ್ರದ ಟ್ರಕ್ಕುಗಳು ತೂಕದ ಮಿತಿಯನ್ನು ಮೀರುವುದರಿಂದ ಅವುಗಳ ಕಿಟಕಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಮೈಲೇಜ್ ಚೀಟಿಯೇ ಇರುವುದಿಲ್ಲ. ಎಳೆಯುವ ಸಾಮರ್ಥ್ಯಕ್ಕೆಂದು ತಯಾರಕರು ಪಾಲಿಸುವ ಜೆ2807 ಮಾನದಂಡವೂ ಏರನ್ನು ಹತ್ತುವ ಶಕ್ತಿಯನ್ನು ಪರೀಕ್ಷಿಸುತ್ತದೆಯೇ ಹೊರತು ಇಂಧನದ ಮಾತನ್ನು ಎತ್ತುವುದಿಲ್ಲ. ಹೀಗಾಗಿ ಖರ್ಚಿನ ಲೆಕ್ಕವನ್ನು ಎಳೆಯುವವನೇ ಕಂಡುಕೊಳ್ಳಬೇಕು.

ಅಲ್ಲಿಯೇ ತೊಡಕಿರುವುದು. ಒಂದೇ ಪಂಪಿನಲ್ಲಿ, ಅದೇ ನಳಿಕೆಯಿಂದ, ಮೊದಲ ಕ್ಲಿಕ್ಕಿಗೆ ನಿಲ್ಲಿಸಿ ಎಷ್ಟೇ ಶ್ರದ್ಧೆಯಿಂದ ಟ್ಯಾಂಕ್ ತುಂಬಿಸಿದರೂ ಲೆಕ್ಕ ಶೇಕಡ ಐದರಷ್ಟು ಆಚೀಚೆ ಆಗುತ್ತದೆ. ನಾವು ಮಾಡುವ ಒಂದೊಂದು ಮಾರ್ಪಾಡಿನ ಲಾಭವಾದರೋ ಶೇಕಡ ಎರಡೋ ಮೂರೋ. ಜೊತೆಗೆ ಎಂಜಿನ್ನಿನ ದಕ್ಷತೆಯು ಗೇರು, ಭಾರ ಮತ್ತು ಸುತ್ತುಗಳಿಗೆ ತಕ್ಕಂತೆ ಬದಲಾಗುವುದರಿಂದ, ಉಳಿತಾಯವು ಟ್ರೇಲರಿನಿಂದ ಬಂತೋ ಎಂಜಿನ್ನಿನಿಂದ ಬಂತೋ ತಿಳಿಯುವುದಿಲ್ಲ. ಎಲೆಕ್ಟ್ರಿಕ್ ಮೋಟಾರಿಗೆ ಈ ಚಂಚಲತೆ ಬಹಳ ಕಡಿಮೆ. ಚಕ್ರದ ಬಳಿ ತಡೆ ಎಷ್ಟು ಹೆಚ್ಚಿತೋ ಪರದೆಯ ಅಂಕಿ ಅಷ್ಟೇ ಇಳಿಯುತ್ತದೆ, ಹತ್ತು ಮೈಲಿ ಸಮತಟ್ಟಾದ ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ಮರಳಿದರೆ ಉತ್ತರ ಕೈಯಲ್ಲಿರುತ್ತದೆ. ಈ ಟ್ರಕ್ಕನ್ನು ನಾನು ವಾಹನಕ್ಕಿಂತ ಹೆಚ್ಚಾಗಿ ತಕ್ಕಡಿಯಂತೆ ಬಳಸಿದೆ.

ಮೊದಲು ತೂಗಿದ್ದು ತೂಕವನ್ನೇ. ಗಂಟೆಗೆ 60 ಮೈಲಿ ವೇಗದಲ್ಲಿ ಬರಿಯ ಟ್ರಕ್ ಯೂನಿಟ್ಟಿಗೆ ಸುಮಾರು 2.2 ಮೈಲಿ ಕೊಟ್ಟಿತು. ನಮ್ಮ ಟ್ರೇಲರ್ ಕಟ್ಟಿದಾಗ ಅದು 1.1ಕ್ಕೆ ಇಳಿಯಿತು. ಅನಂತರ ತಗ್ಗಾದ ತೆರೆದ ಟ್ರೇಲರೊಂದಕ್ಕೆ ಅಂಗಳದ ಕೆಲಸದ ಕಲ್ಲನ್ನು ತುಂಬಿಸಿ, ಒಟ್ಟು ತೂಕವನ್ನು ಅದೇ 6,000 ಪೌಂಡಿನ ಆಸುಪಾಸಿಗೆ ತಂದು, ಅದೇ ರಸ್ತೆಯಲ್ಲಿ ಎಳೆದೆ. ಯೂನಿಟ್ಟಿಗೆ ಒಂದೂವರೆ ಮೈಲಿ ಬಂತು. ಕೊನೆಗೆ ಗೆಳೆಯರೊಬ್ಬರ ಎತ್ತರದ ಪೆಟ್ಟಿಗೆ ಟ್ರೇಲರನ್ನು ಖಾಲಿಯಾಗಿಯೇ ಎಳೆದಾಗ ಸಿಕ್ಕಿದ್ದು 1.2 ಮಾತ್ರ. ಕಲ್ಲು ಹೊತ್ತ ತಗ್ಗು ಟ್ರೇಲರಿಗಿಂತ ಏನನ್ನೂ ಹೊರದ ಎತ್ತರದ ಪೆಟ್ಟಿಗೆಯೇ ದುಬಾರಿ. ಸಮತಟ್ಟಿನಲ್ಲಿ ನಾವು ದುಡ್ಡು ಸುರಿಯುವುದು ಪೌಂಡಿಗಲ್ಲ, ಗಾಳಿಗೆ ಒಡ್ಡಿದ ಚದರಡಿಗೆ. ಟ್ರೇಲರ್ ಕೊಳ್ಳುವಾಗ ತೂಕದ ಪಟ್ಟಿಯನ್ನು ಅರ್ಧ ಗಂಟೆ ನೋಡಿ ಎತ್ತರವನ್ನು ಕೇಳದೆ ಬರುವವರನ್ನು ಕಂಡರೆ ನನಗೆ ಈಗ ಸುಮ್ಮನಿರಲು ಕಷ್ಟವಾಗುತ್ತದೆ.

ವೇಗದ ಲೆಕ್ಕವೂ ಇದರಿಂದಲೇ ಹೊರಟಿತು. ನಮ್ಮ ಟ್ರೇಲರಿನೊಂದಿಗೆ 70 ಮೈಲಿ ವೇಗದಲ್ಲಿ ಯೂನಿಟ್ಟಿಗೆ 0.88 ಮೈಲಿ, 65ರಲ್ಲಿ ಒಂದು, 60ರಲ್ಲಿ 1.1, 55ರಲ್ಲಿ 1.23ರಷ್ಟು ಸಿಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವವರಿಗೆ 55ರ ಮಿತಿ ಇರುವುದನ್ನು ನಾವೆಲ್ಲ ಶಪಿಸಿದ್ದೇವೆ. ಜೇಬಿನ ದೃಷ್ಟಿಯಿಂದ ಅದು ವರವೇ. ಎದುರುಗಾಳಿಯ ಕಥೆ ಇನ್ನೂ ಕಠಿಣ. ಗಂಟೆಗೆ 15 ಮೈಲಿಯ ಎದುರುಗಾಳಿಯಲ್ಲಿ 60ರಲ್ಲಿ ಹೋಗುವಾಗ ಗಾಳಿಯ ಪಾಲಿಗೆ ನಾವು 75ರಲ್ಲಿ ಹೋಗುತ್ತಿರುತ್ತೇವೆ, ಪರದೆಯ ಅಂಕಿ 0.8ಕ್ಕೆ ಕುಸಿಯುತ್ತದೆ. ಬಯಲು ಸೀಮೆಯಲ್ಲಿ ಮಧ್ಯಾಹ್ನದ ಗಾಳಿ ಏಳುವ ಮುನ್ನವೇ ಹೊರಟುಬಿಡುವುದರಿಂದ ಆಗುವ ಉಳಿತಾಯವನ್ನು ಯಾವ ಬಿಡಿಭಾಗವೂ ಕೊಡಲಾರದು.

ಬಿಡಿಭಾಗಗಳಿಗೆ ನಾನು ಸುರಿದ ಹಣ ಕಡಿಮೆಯೇನಲ್ಲ. ಕ್ಯಾಬಿನ್ನಿನ ಮೇಲೆ ಕೂರಿಸುವ ಗಾಳಿತಡೆಗೆ ನಾನೂರು ಡಾಲರಿನಷ್ಟು ಹೋಯಿತು. ಅದರ ಕೋನವನ್ನು ಹೇಗೆ ತಿರುಗಿಸಿದರೂ ಲಾಭ ಕಾಣಲಿಲ್ಲ, ಒಂದು ಕೋನದಲ್ಲಿ ಅಂಕಿ ಇನ್ನೂ ಇಳಿಯಿತು, ಏಕೆಂದರೆ ಅದರಿಂದ ಹಾರಿದ ಗಾಳಿ ಟ್ರೇಲರಿನ ಮೇಲಂಚನ್ನು ದಾಟದೆ ನೇರವಾಗಿ ಗೋಡೆಗೇ ಬಡಿಯುತ್ತಿತ್ತು. ಡೀಸೆಲ್ಲಿನಲ್ಲಿ ಪರೀಕ್ಷಿಸಿದ್ದರೆ ಅದು ಚೆನ್ನಾಗಿದೆ ಎಂದೇ ನಂಬಿಕೊಂಡು ವರ್ಷಗಟ್ಟಲೆ ಹೊತ್ತು ತಿರುಗುತ್ತಿದ್ದೆ. ಟ್ರಕ್ಕಿನ ಹಿಂಬದಿಯ ತೊಟ್ಟಿಗೆ ಹಾಕುವ ಮುಚ್ಚಳವು ಬರಿಯ ಟ್ರಕ್ಕಿಗೆ ಅಲ್ಪಸ್ವಲ್ಪ ನೆರವಾದರೂ ಟ್ರೇಲರ್ ಕಟ್ಟಿದ ಮೇಲೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಟ್ರೇಲರಿನ ಚಕ್ರಗಳ ಗಾಳಿಯನ್ನು ತಯಾರಕರು ಹೇಳಿದ ಗರಿಷ್ಠ ಒತ್ತಡಕ್ಕೆ ಏರಿಸಿದಾಗ ಶೇಕಡ ಎರಡರಷ್ಟು, ತಳದಲ್ಲಿ ಜೋತಾಡುತ್ತಿದ್ದ ಪೈಪು ತೊಟ್ಟಿಗಳನ್ನೆಲ್ಲ ತೆಳುವಾದ ಹಲಗೆಯಿಂದ ಮುಚ್ಚಿದಾಗ ಶೇಕಡ ನಾಲ್ಕರಷ್ಟು ಸುಧಾರಿಸಿತು. ಟ್ರೇಲರಿನ ಹಿಂದಿನ ಅಂಚಿಗೆ ನಾನು ಮಾಡಿದ ಕೆಲಸ ಇವೆರಡಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಕಸಿದುಕೊಳ್ಳಲು ಬಯಸುವವರು ಹತ್ತಿರ ಬಂದು ನೋಡಬಹುದು.

ಇಷ್ಟನ್ನೂ ತೂಗಿ ಮುಗಿಸಿದ ಮೇಲೆ ಅದೇ ಟ್ರೇಲರನ್ನು ಡೀಸೆಲ್ಲಿಗೆ ಕಟ್ಟಿದೆವು. ಭಾವನವರು, "ನಿನ್ನ ಕರೆಂಟ್ ಗಾಡಿಯ ಲೆಕ್ಕ ನನ್ನ ಎಂಜಿನ್ನಿಗೆ ಏನು ಗೊತ್ತಪ್ಪಾ" ಎಂದು ನಗುತ್ತಲೇ ಬೀಗದ ಕೈ ಕೊಟ್ಟಿದ್ದರು. ಟ್ರೇಲರಿನ ತಡೆ ಕಡಿಮೆಯಾದದ್ದು ಅಲ್ಲಿಯೂ ಹಾಗೆಯೇ ಕಾಣಿಸಿಕೊಂಡಿತು, ಆದರೆ ವೇಗದ ವಿಷಯದಲ್ಲಿ ಮೂರೂ ಗಾಡಿಗಳ ದಾರಿ ಬೇರೆಯಾಯಿತು. ಎಲೆಕ್ಟ್ರಿಕ್ ಟ್ರಕ್ಕಿಗೆ ನಿಧಾನವಾದಷ್ಟೂ ಲಾಭ. ಡೀಸೆಲ್ ಸುಮಾರು 62ರಲ್ಲಿ ಮೇಲಿನ ಗೇರಿನಲ್ಲಿಯೇ ನಿಮಿಷಕ್ಕೆ 1,600 ಸುತ್ತಿನ ಆಸುಪಾಸಿನಲ್ಲಿ ಹಾಯಾಗಿ ಸಾಗುತ್ತದೆ, 58ಕ್ಕೆ ಇಳಿಸಿದರೆ ಪ್ರತಿ ಸಣ್ಣ ಏರಿಗೂ ಗೇರು ಇಳಿಸಿಕೊಂಡು ಗಾಳಿಯಲ್ಲಿ ಉಳಿಸಿದ್ದನ್ನು ಎಂಜಿನ್ನಿನಲ್ಲಿ ಕಳೆಯುತ್ತದೆ. ಪೆಟ್ರೋಲ್ ಟರ್ಬೊಗೆ ನಾನು ವೇಗಕ್ಕಿಂತ ಬೂಸ್ಟ್ ಮೀಟರನ್ನು, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡವನ್ನು, ನೋಡಿ ಓಡಿಸುತ್ತೇನೆ. ಬೂಸ್ಟ್ ಏರಿದಾಗ ಎಂಜಿನ್ ತನ್ನನ್ನು ತಂಪಾಗಿಟ್ಟುಕೊಳ್ಳಲು ಹೆಚ್ಚುವರಿ ಪೆಟ್ರೋಲನ್ನು ಸುರಿಯುತ್ತದೆ, ಆ ಗೆರೆಯನ್ನು ದಾಟದಂತೆ ಏರಿನಲ್ಲಿ ಐದಾರು ಮೈಲಿ ವೇಗವನ್ನು ಬಿಟ್ಟುಕೊಟ್ಟರೆ ಸಾಕು. ಸಮತಟ್ಟಿನಲ್ಲಿ ಅದಕ್ಕೆ 60 ಸರಿಹೊಂದುತ್ತದೆ. ನನ್ನ ಗೆರೆ ಎಷ್ಟು ಒತ್ತಡಕ್ಕೆ ಎಂಬುದನ್ನು ಬರೆದರೆ ಬೇರೆ ಎಂಜಿನ್ನಿನವರಿಗೆ ಅದು ದಾರಿ ತಪ್ಪಿಸುತ್ತದೆ.

ಬೆಟ್ಟದಲ್ಲಿ ತೂಕದ ಸರದಿ ಬರುತ್ತದೆ. ಡೆನ್ವರ್ ನಗರ 5,280 ಅಡಿ ಎತ್ತರದಲ್ಲಿದೆ, ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ. ಟ್ರಕ್ಕೂ ಟ್ರೇಲರೂ ನಾವೂ ಸೇರಿ ಹದಿಮೂರೂವರೆ ಸಾವಿರ ಪೌಂಡನ್ನು ಅಷ್ಟು ಎತ್ತಲು, ಗಾಳಿಯ ತಡೆಯನ್ನು ಬಿಟ್ಟು, ಸುಮಾರು 30 ಯೂನಿಟ್ ಬೇಕು. ಡೀಸೆಲ್ ಎಂಜಿನ್ನಿನ ದಕ್ಷತೆಯ ಮೇಲೆ ಲೆಕ್ಕ ಹಾಕಿದರೆ ಅದು ಎರಡು ಗ್ಯಾಲನ್‌ಗಿಂತ ಸ್ವಲ್ಪ ಹೆಚ್ಚು, ಪೆಟ್ರೋಲಾದರೆ ಮೂರರ ಮೇಲೆ. ಡೀಸೆಲ್ಲಿನವರು ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿಕೊಂಡು ನಿಶ್ಚಿಂತೆಯಿಂದ ಇಳಿಯುತ್ತಾರೆ, ಆದರೆ ಹತ್ತಲು ಖರ್ಚಾದ ಆ ಎರಡು ಗ್ಯಾಲನ್‌ನಲ್ಲಿ ಒಂದು ಹನಿಯೂ ಟ್ಯಾಂಕಿಗೆ ಮರಳುವುದಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರನೆಯ ಒಂದು ಪಾಲು ಇಲ್ಲವಾಗಿರುತ್ತದೆ. ಎಲೆಕ್ಟ್ರಿಕ್ ಟ್ರಕ್ ಪೂರ್ತಿ ಚಾರ್ಜಿನಿಂದ ಹೊರಟು 55ರಲ್ಲಿ ಹತ್ತಿ, ಸುರಂಗದ ಬಳಿ ಶೇಕಡ 38ರ ಸುಮಾರಿನಲ್ಲಿತ್ತು. ಆಚೆಗಿನ ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟದೆ, ಮೋಟಾರೇ ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತ, ಸಿಲ್ವರ್‌ತಾರ್ನ್ ತಲುಪುವಾಗ ಎರಡು ಮೂರು ಅಂಕ ಏರಿತ್ತು. ಎಂಟು ಮೈಲಿ ಸಾಗಿದ ಮೇಲೂ ಬ್ಯಾಟರಿಯ ಅಂಕ ಏರಿದ್ದನ್ನು ಕಂಡು ಪಕ್ಕದಲ್ಲಿ ಕುಳಿತ ಭಾವನವರು ಮಾತನಾಡಲಿಲ್ಲ.

ಈಗ ದುಡ್ಡಿನ ಮಾತು. ನಾನು ಲೆಕ್ಕ ಇಟ್ಟ ಅವಧಿಯಲ್ಲಿ ಪೆಟ್ರೋಲ್ ಗ್ಯಾಲನ್‌ಗೆ ಮೂರು ಡಾಲರ್ ಇಪ್ಪತ್ತು ಸೆಂಟ್, ಡೀಸೆಲ್ ಮೂರು ಎಂಬತ್ತು, ದಾರಿಯ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ ಐವತ್ತು ಸೆಂಟ್, ಮನೆಯಲ್ಲಿ ಹದಿನಾಲ್ಕು ಸೆಂಟಿನ ಆಸುಪಾಸು. ಟ್ರೇಲರ್ ಎಳೆಯುವಾಗ ಮೈಲಿಗೆ ಪೆಟ್ರೋಲ್ ಮೂವತ್ತು ಸೆಂಟ್, ಡೀಸೆಲ್ ಅದರ ಹೊಗೆಯನ್ನು ಶುದ್ಧಗೊಳಿಸಲು ಬಳಸುವ ಡಿಇಎಫ್ ದ್ರವವೂ ಸೇರಿ ಇಪ್ಪತ್ತೊಂಬತ್ತು, ಎಲೆಕ್ಟ್ರಿಕ್ ಮನೆಯ ಚಾರ್ಜಿನಲ್ಲಿ ಹದಿಮೂರು, ದಾರಿಯ ಚಾರ್ಜಿನಲ್ಲಿ ನಲವತ್ತೈದು. ದೂರದ ಪ್ರಯಾಣಕ್ಕೆ ಎಲೆಕ್ಟ್ರಿಕ್ ಅಗ್ಗ ಎಂದು ಹೇಳುವವರು ಟ್ರೇಲರ್ ಎಳೆದವರಲ್ಲ. ಮನೆಯಿಂದ ಐವತ್ತು ಮೈಲಿಯ ಕ್ಯಾಂಪಿಗೆ ಹೋಗಿ ಬರುವವರಿಗೆ ಉಳಿದ ಎರಡೂ ಅದರ ಹತ್ತಿರ ಸುಳಿಯಲಾರವು. ಡೀಸೆಲ್ಲಿನ ಪರವಾಗಿ ವಾದಿಸುವವರು ಎಂಜಿನ್ನಿಗೆ ಕೊಟ್ಟ ಹೆಚ್ಚುವರಿ ಹತ್ತು ಸಾವಿರ ಡಾಲರನ್ನು ಮರೆಯುತ್ತಾರೆ. ಅದೇ ಗಾತ್ರದ, ಗ್ಯಾಲನ್‌ಗೆ ಒಂಬತ್ತೇ ಮೈಲಿ ಕೊಡುವ ಪೆಟ್ರೋಲ್ ಟ್ರಕ್ಕಿನೊಂದಿಗೆ ಹೋಲಿಸಿದರೂ ಆ ಹಣ ಇಂಧನದಲ್ಲಿ ಮರಳಲು ಒಂದೂವರೆ ಲಕ್ಷ ಮೈಲಿಯಷ್ಟು ಎಳೆಯಬೇಕು. ಭಾವನವರು ಸಣ್ಣ ಓಡಾಟಕ್ಕೆ ಅದನ್ನು ಬಳಸಿ ಹೊಗೆ ಶೋಧಕ ಮಸಿಯಿಂದ ಮುಚ್ಚಿಹೋಗಿ, ಗ್ಯಾರಂಟಿ ಮುಗಿದ ಮೇಲೆ ಮೂರು ಸಾವಿರ ಡಾಲರಿನಷ್ಟು ತೆತ್ತದ್ದು ಬೇರೆ. ಆದರೂ ವಾರಗಟ್ಟಲೆ ಬೆಟ್ಟದಲ್ಲಿ ಎಳೆಯುವವರು ಕೇಳಿದರೆ ನಾನು ಡೀಸೆಲ್ಲನ್ನೇ ಹೇಳುತ್ತೇನೆ.

ಎಲೆಕ್ಟ್ರಿಕ್ ಟ್ರಕ್ಕಿನ ನಿಜವಾದ ಕೊರತೆ ದಕ್ಷತೆಯದಲ್ಲ, ಟ್ಯಾಂಕಿನದು. ಟ್ರೇಲರ್ ಕಟ್ಟಿದರೆ ನನ್ನ ಪೆಟ್ರೋಲ್ ಟ್ರಕ್ಕಿನ ಮೈಲೇಜೂ ಅರ್ಧಕ್ಕೇ ಇಳಿಯುತ್ತದೆ, ಆದರೆ ಅದರಲ್ಲಿ 36 ಗ್ಯಾಲನ್ ಇರುತ್ತದೆ. ಇಪಿಎಯ ಲೆಕ್ಕದಂತೆ ಒಂದು ಗ್ಯಾಲನ್ ಪೆಟ್ರೋಲಿಗೆ 33.7 ಯೂನಿಟ್, ಅಂದರೆ 131 ಯೂನಿಟ್ಟಿನ ಬ್ಯಾಟರಿಯಲ್ಲಿರುವುದು ನಾಲ್ಕು ಗ್ಯಾಲನ್‌ಗಿಂತ ಕಡಿಮೆ ಶಕ್ತಿ. ಆದ್ದರಿಂದ ನಾನು ಪೂರ್ತಿ ತುಂಬಿಸುವ ಆಸೆಯನ್ನು ಬಿಟ್ಟು, ದಾರಿಯಲ್ಲಿ ಶೇಕಡ ಎಂಬತ್ತಕ್ಕೆ ಚಾರ್ಜರ್ ಕಳಚಿ, ಹತ್ತರವರೆಗೆ ಬಳಸಿ, ಸಮತಟ್ಟಿನಲ್ಲಿ ನೂರು ಮೈಲಿಗೊಂದು ನಿಲುಗಡೆಯನ್ನು ಇಟ್ಟುಕೊಂಡಿದ್ದೇನೆ; ಎದುರುಗಾಳಿಯ ಮುನ್ಸೂಚನೆ ಇದ್ದರೆ ಎಪ್ಪತ್ತಕ್ಕೊಂದು. ಹದಿನೈದರಿಂದ ಎಂಬತ್ತಕ್ಕೆ ಏರಲು ಮುಕ್ಕಾಲು ಗಂಟೆ ಸಾಕು. ಹೆಚ್ಚಿನ ಚಾರ್ಜರುಗಳ ಮುಂದೆ ಟ್ರೇಲರ್ ಸಮೇತ ನಿಲ್ಲಲು ಜಾಗವಿಲ್ಲದ ಕಾರಣ ಟ್ರೇಲರನ್ನು ಬಿಚ್ಚಿ, ಮತ್ತೆ ಕಟ್ಟಲು ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಬಿಚ್ಚದೆ ನಿಲ್ಲಿಸಬಹುದಾದ ತಾಣಗಳ ಪಟ್ಟಿಯನ್ನು ನಾನು ಹೊರಡುವ ಮೊದಲೇ ಮಾಡಿಕೊಳ್ಳುತ್ತೇನೆ, ಮೂಲೆಯ ಚಾರ್ಜರ್ ಖಾಲಿ ಸಿಗುವ ಹೊತ್ತನ್ನೂ ಅದರಲ್ಲಿ ಗುರುತಿಸಿರುತ್ತೇನೆ.